ಹಂಡೆನೀರಿನ ಅಂಗಸಾಧನೆ

ಚರ್ಮದಷ್ಟೇ ಬೆಚ್ಚಗಿರುವ, ಎಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ರೋಗಿಯನ್ನು ಅಂಗಾತ ತೇಲಿಸಿ, ಅವನ ತಲೆಯನ್ನು ತೋಳಿನಲ್ಲಿ ಆತುಕೊಂಡು, ಸೊಂಟ ಕೈಕಾಲುಗಳನ್ನು ಮೆಲ್ಲನೆ ತೂಗಿ, ಎಳೆದು, ತಿರುಗಿಸುವ ಚಿಕಿತ್ಸೆಗೆ ವಾಟ್ಸು ಎಂದು ಹೆಸರು. ಬೆರಳಿನಿಂದ ಒತ್ತಿ ಮೈನೋವು ಕಳೆಯುವ ಜಪಾನಿನ ಶಿಯಾಟ್ಸುವನ್ನು ಕಲಿತಿದ್ದ ಹೆರಾಲ್ಡ್ ಡಲ್ ಎಂಬ ಅಮೆರಿಕದ ಕವಿ 1980ರಲ್ಲಿ ಕ್ಯಾಲಿಫೋರ್ನಿಯಾದ ಹಾರ್ಬಿನ್ ಬಿಸಿನೀರ ಬುಗ್ಗೆಗಳಲ್ಲಿ ಇದನ್ನು ಆರಂಭಿಸಿದನು; ಕವಿಯ ಕೈಗೆ ಸಿಕ್ಕವರು ತಾವಾಗಿಯೇ ಕಣ್ಣುಮುಚ್ಚಿ ಸುಖಪಟ್ಟ ನಿದರ್ಶನಗಳು ಸಾಹಿತ್ಯಚರಿತ್ರೆಯಲ್ಲಿ ಹೆಚ್ಚಿಲ್ಲ. ಕುತ್ತಿಗೆಯವರೆಗೆ ಮುಳುಗಿದವನ ಕಾಲಿನ ಮೇಲೆ ಬೀಳುವ ಭಾರ ದೇಹತೂಕದ ಹತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ, ನೆಲದ ಮೇಲೆ ಮಡಿಸಲಾಗದ ಮಂಡಿಯೂ ನೀರಿನಲ್ಲಿ ಮಾತು ಕೇಳುತ್ತದೆ.

ಮಳವಳ್ಳಿ ಸೀಮೆಯಲ್ಲಿ ಈ ವಿದ್ಯೆಯ ಅರ್ಧಭಾಗ ಬಚ್ಚಲುಮನೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಲೆಗೆ ಕೂರಿಸಿದ ತಾಮ್ರದ ಹಂಡೆ, ಉರಿಗೆ ತೆಂಗಿನ ಮಟ್ಟೆ ಮತ್ತು ರೇಷ್ಮೆಹುಳು ಸೊಪ್ಪು ಮೇದ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿ, ಇವೇ ಇದರ ಸಲಕರಣೆ. ಇದೇ ತಾಲ್ಲೂಕಿನ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರೂ, ಊರಿನ ಹಂಡೆಯನ್ನು ಕಾಯಿಸುವ ಹೊಣೆ ಮಾತ್ರ ಬಹಳ ಕಾಲ ಸೌದೆಯ ಮೇಲೆಯೇ ಉಳಿಯಿತು. ನೀರಿನ ಹದವನ್ನು ಅಳೆಯುವ ಅಧಿಕಾರ ಹುಯ್ಯುವವರದೇ ಹೊರತು ಮೀಯುವವರದಲ್ಲ. ‘ಸುಡ್ತದೆ ಕನಜ್ಜಿ’ ಎಂಬ ದೂರಿಗೆ ‘ಸುಮ್ಕೆ ಕೂತ್ಕಳ್ಲಾ’ ಎಂಬುದು ಅಂತಿಮ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ಚಲನಚಿಕಿತ್ಸೆ ಎಂದು ನಿಜವಾಗಿ ಕರೆಯಬಹುದಾದದ್ದು ಕೂಸಿಗೆ ನೀರು ಹುಯ್ಯುವ ಕ್ರಮ. ಅಜ್ಜಿಯು ಮಣೆಯ ಮೇಲೆ ಕುಳಿತು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿಕಟ್ಟಿ, ಕಾಲು ನೀಡಿ, ಎಣ್ಣೆ ಸವರಿದ ಕೂಸನ್ನು ಮೊಣಕಾಲಿನ ಕೆಳಗೆ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮೊದಲು ಅಂಗಾತ, ಆಮೇಲೆ ಬೋರಲು ಮಲಗಿಸುತ್ತಾಳೆ. ಬಲಗೈಯನ್ನು ಎಡಗಾಲಿಗೂ ಎಡಗೈಯನ್ನು ಬಲಗಾಲಿಗೂ ಮುಟ್ಟಿಸಿ, ತೋಳುಗಳನ್ನು ಎದೆಯ ಮೇಲೆ ಅಡ್ಡಡ್ಡ ಮಡಿಸಿ ಬಿಡಿಸಿ, ಬೆನ್ನನ್ನು ನೀವಿ, ನಡುವೆ ಚೆಂಬಿನಿಂದ ಬಿಸಿನೀರು ಸುರಿದು, ಕೊನೆಗೆ ಸಾಂಬ್ರಾಣಿ ಹೊಗೆ ತೋರಿಸಿ ಸುತ್ತಿ ಮಲಗಿಸುತ್ತಾಳೆ. ವಾಟ್ಸುವಿಗೆ ಮೌನ ಅಗತ್ಯವಾದರೆ ಇಲ್ಲಿ ಕೂಸು ತಾರಕದಲ್ಲಿ ಅಳುತ್ತದೆ, ಅಜ್ಜಿ ಸೊಸೆಯ ತವರನ್ನು ವಿಚಾರಿಸಿಕೊಳ್ಳುತ್ತಾಳೆ. ಫಲ ಮಾತ್ರ ಒಂದೇ, ಗಾಢ ನಿದ್ರೆ. ಮೂಗು ಕಿವಿಗಳಿಗೆ ಎಣ್ಣೆ ಬಿಡುವುದನ್ನು ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ, ಅದು ಸರಿಯೂ ಹೌದು. ದೊಡ್ಡವರಿಗೆ ಈ ಉಪಚಾರ ದೊರೆಯುವುದು ವರ್ಷಕ್ಕೊಮ್ಮೆ, ನೀರು ತುಂಬುವ ಹಬ್ಬದ ಸಂಜೆ ಹಂಡೆಯ ಕೊರಳಿಗೆ ಹಾಗಲಬಳ್ಳಿ ಸುತ್ತಿ, ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಮೀಯುವಾಗ.

ಉಳಿದರ್ಧವಾದ ತೇಲುವಿಕೆ ಹಂಡೆನೀರಿನಿಂದ ಆಗುವ ಕೆಲಸವಲ್ಲ. ಹಾಗೆಂದು ಅದನ್ನು ತಾಲ್ಲೂಕಿನ ಮುತ್ತತ್ತಿಯ ಹೊಳೆಯಲ್ಲಿ ಪೂರೈಸಿಕೊಳ್ಳಲು ಹೊರಡುವುದು ತರವಲ್ಲ. ಅಲ್ಲಿ ನೀರು ತಂಪು, ತಳದಲ್ಲಿ ಬಂಡೆ, ಬಂಡೆಗಳ ನಡುವೆ ಸುಳಿ, ಈಜು ಬಲ್ಲವರನ್ನೂ ಅದು ಬಿಟ್ಟಿಲ್ಲ. ಸೀತೆಯ ಮೂಗುತಿ ಅಲ್ಲಿ ನೀರಿಗೆ ಬಿದ್ದಾಗ ಹನುಮಂತ ಬಾಲದಿಂದ ಹೊಳೆಯನ್ನು ಕಲಕಿ ತೆಗೆದುಕೊಟ್ಟನೆಂದು ಸ್ಥಳಪುರಾಣ ಹೇಳುತ್ತದೆ. ಪ್ರವಾಸಿಗರಿಗೆ ಆ ಸೌಲಭ್ಯವಿಲ್ಲವಾದ್ದರಿಂದ, ತೇಲಲೇಬೇಕೆನ್ನುವವರು ತರಬೇತಾದ ಚಿಕಿತ್ಸಕರಿರುವ ಕೊಳವನ್ನು ಹುಡುಕಿಕೊಳ್ಳಲಿ, ಮುತ್ತತ್ತಿಯಲ್ಲಿ ದಡದಲ್ಲಿಯೇ ಕುಳಿತು ಚೆಂಬಿನಿಂದ ಮೀಯಲಿ.