ಚೊಗರಿನ ಹಂಡೆಯ ಪಕ್ಕ ಕಡವೆ ಬೇಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಡವೆ ಬೇಟೆಗೆ ಇಂದಿಗೂ ಒಂದು ಹಂಗಾಮಿದೆ. ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ, ಡಿಸೆಂಬರ್–ಜನವರಿಯ ಚಳಿಯಲ್ಲಿ, ರಾತ್ರಿ ಊಟ ಮುಗಿಸಿ ಕವಳ ಹಾಕಿದ ಮೇಲೆ ಅದರ ಆರಂಭ. ಜಾಗ, ಅಡಿಕೆ ಬೇಯುವ ಹಂಡೆಯ ಪಕ್ಕ. ಆಯುಧ, ಮೆಟ್ಟುಗತ್ತಿ ಮತ್ತು ನಾಲಿಗೆ. ಅರಣ್ಯ ಇಲಾಖೆ ಈತನಕ ಆಕ್ಷೇಪ ಎತ್ತಿಲ್ಲ.

ಬೇರೆ ಬಗೆಯ ಬೇಟೆಗೆ ದಾರಿಯೂ ಇಲ್ಲವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಪರವಾನಗಿ ಪಡೆದು ಬೇಟೆಯಾಡುವ ಅವಕಾಶ ಕಾಗದದ ಮೇಲಾದರೂ ಉಳಿದಿತ್ತು; 1991ರ ತಿದ್ದುಪಡಿ ಅದನ್ನೂ ಕಿತ್ತುಹಾಕಿತು. ಈಗ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಎತ್ತಿಕೊಂಡು ಬಂದರೂ ಕೇಸು. ಹಾಗಾಗಿ ಕಡವೆಗಳೆಲ್ಲ ಅಡಿಕೆ ಸುಲಿಯುವ ಚಪ್ಪರಕ್ಕೆ ಬಂದು ಸೇರಿಕೊಂಡಿವೆ.

ಕಥೆ ಹೇಳುವವರಲ್ಲಿ ಹವ್ಯಕ ತೋಟಿಗರೇ ಜಾಸ್ತಿ. ಅಡುಗೆಮನೆಗೆ ಬೆಳ್ಳುಳ್ಳಿ ಬರುವುದಕ್ಕೂ ಅಜ್ಜಿಯ ಒಪ್ಪಿಗೆ ಬೇಕಿದ್ದ ಮನೆಗಳ ಮಾಳಿಗೆಯಲ್ಲಿ ಕೋವಿ ತೂಗುತ್ತಿತ್ತು. ಅದು ಬೆಳೆ ರಕ್ಷಣೆಯ ಕೋವಿ. ಕೊಡವರಿಗೆ ಶಸ್ತ್ರ ಪರವಾನಗಿಯಿಂದಲೇ ವಿನಾಯಿತಿ ಉಂಟು. ಇಲ್ಲಿನವರಿಗೆ ನವೀಕರಣದ ಅರ್ಜಿ, ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ. ನೀತಿಸಂಹಿತೆ ಹಂದಿಗೂ ಮಂಗನಿಗೂ ಅನ್ವಯಿಸುವುದಿಲ್ಲ ಎಂಬುದು ತೋಟಿಗರ ಹಳೆಯ ದೂರು.

ಕೇಪಿನ ಕೋವಿಯ ಕೆಲಸ ನಿಧಾನದ್ದು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕಡೆಗೆ ಕೇಪು ಸಿಕ್ಕಿಸಬೇಕು. ಇಷ್ಟನ್ನು ಕಂಬಳಿಕೊಪ್ಪೆಯೊಳಗೆ, ಮಾಳದ ಮೇಲೆ, ಸೆಟೆದ ಬೆರಳುಗಳಲ್ಲಿ ಮಾಡಬೇಕು. ಬೆಳಗಿನ ಜಾವದ ಇಬ್ಬನಿಗೆ ಮದ್ದು ತಂಪು ಹಿಡಿದರೆ ಕುದುರೆ ಎಳೆದಾಗ ‘ಟಸ್’ ಎಂದು ಮುಗಿಯಿತು.

ಕಥೆಗಳೆಲ್ಲ ಇಲ್ಲಿಗೇ ಬಂದು ನಿಲ್ಲುತ್ತವೆ.

“ಕಡ ಅಂದ್ರೆ ಎಂತಾ ಕಡನೋ ಭಾವಾ! ಕೊಂಬೇ ಒಂದು ಮಾರು!”

“ಬಿತ್ತಾ?”

“ಇಲ್ಲೆ. ಕೇಪು ಹಾರಿದ್ದಿಲ್ಲೆ.”

ಕೇಪು ಹಾರಲೇಬಾರದು. ಹಾರಿದರೆ ಕಡವೆ ಬೀಳುತ್ತದೆ, ಬಿದ್ದರೆ ಮುಂದೇನಾಯಿತು ಎಂದು ಹೇಳಬೇಕಾಗುತ್ತದೆ. ಒಂದು ಕಡೆ ಕಾಯ್ದೆ, ಇನ್ನೊಂದು ಕಡೆ ಮಡಿ. ತೀರಾ ಒತ್ತಾಯಿಸಿದರೆ, “ಈಡು ನಮ್ಮ ಕೋವಿದೇ, ಹೊತ್ಕೊಂಡು ಹೋದವರು ಬೇರೆ” ಎಂಬಷ್ಟು ಒಪ್ಪಿಗೆ ಹೊರಬಿದ್ದೀತು. ಪುರಾಣದ ಬೆಂಬಲವೂ ಇವರಿಗಿದೆ. ಜಿಂಕೆಯ ರೂಪದಲ್ಲಿದ್ದ ಋಷಿಗೆ ಗುರಿ ತಪ್ಪದೆ ಬಾಣ ಬಿಟ್ಟ ಪಾಂಡು ಶಾಪ ಹೊತ್ತ. ಮಾಯಾಮೃಗವನ್ನು ಕೊಂದು ಬರುವಷ್ಟರಲ್ಲಿ ರಾಮನ ಆಶ್ರಮ ಬರಿದಾಗಿತ್ತು. ಚಳಿಗಾಲದ ಇಡೀ ರಾತ್ರಿಯ ಯಕ್ಷಗಾನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಂಡು ಕಡವೆಯ ತೂಕ 300 ಕಿಲೋ ದಾಟುವುದುಂಟು, ಕೊಂಬು ಒಂದು ಮೀಟರ್ ಮೀರಿದರೆ ಅದು ದೊಡ್ಡದು. ಮೊದಲ ಕೊಯ್ಲಿನ ಹೊತ್ತಿಗೆ ಕಥೆಯ ಕಡವೆಯೂ ಈ ಅಳತೆಯೊಳಗೇ ಇರುತ್ತದೆ. ಕೊನೆಯ ಕೊಯ್ಲಿಗೆ ಬರುವಾಗ ಕೊಂಬು ಮೂರು ಮಾರಾಗಿ, ಪ್ರಾಣಿ ತೋಟದ ಬೇಲಿ ದಾಟಲಾರದಷ್ಟು ಬೆಳೆದಿರುತ್ತದೆ. ಹಂಗಾಮಿನ ಕೊನೆಯ ಬೇಟೆಗೇ ಹೆಚ್ಚು ಬೆಲೆ ಬರುವುದು ಹೀಗೆ.

ಅಮೆರಿಕದ ಮಿನ್ನೆಸೋಟದಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಇಂಥದೇ ಮದ್ದು ತುಂಬುವ ಕೋವಿಗೆಂದು ಜಿಂಕೆ ಬೇಟೆಯ ಪ್ರತ್ಯೇಕ ಅವಧಿ ಇದೆ. ಅಲ್ಲಿ ಹಿಮ, ಶೂನ್ಯಕ್ಕಿಂತ ಕೆಳಗಿನ ಚಳಿ. ಸುಮಾರು 600 ಮೀಟರ್ ಎತ್ತರದ ಶಿರಸಿಯ ಚಳಿ ಅದರ ಮುಂದೆ ಏನೂ ಅಲ್ಲ. ಆದರೆ ಮಿನ್ನೆಸೋಟದವರಿಗೆ ಬೆನ್ನ ಹಿಂದೆ ಚೊಗರು ಕುದಿಯುವ ಹಂಡೆಯಿಲ್ಲ, ನಡುರಾತ್ರಿಗೆ ಬೆಲ್ಲದ ಕಷಾಯವೂ ಇಲ್ಲ. ಪಾಪ, ಅವರು ನಿಜವಾಗಿಯೂ ಜಿಂಕೆ ಹುಡುಕಬೇಕು.

ಈ ಬೇಟೆಗೂ ಈಗ ಕುತ್ತು ಬಂದಿದೆ. ಸುಲಿಯಲು ಆಳು ಸಿಗದೆ ಮನೆಮನೆಗೆ ಯಂತ್ರ ಬಂದಿದೆ. ಅದು ಹತ್ತಾರು ಜನರ ಕೆಲಸ ಮಾಡುತ್ತದೆ, ನಿಜ. ಅದರ ಗದ್ದಲದಲ್ಲಿ ಕಡವೆಯೊಂದು ಪಕ್ಕದಲ್ಲೇ ಬಂದು ಕೂಗಿದರೂ ಕೇಳಿಸದು. ಜನವರಿಯಲ್ಲಿ ಆ ಕಡೆ ಹೋಗುವವರು ಇನ್ನೂ ಮೆಟ್ಟುಗತ್ತಿ ಹಿಡಿಯುವ ಮನೆ ಯಾವುದೆಂದು ವಿಚಾರಿಸಿ, ಒಂದು ಕಂಬಳಿ ಜೊತೆಗಿಟ್ಟುಕೊಂಡು ಹೋಗಿ. ಕೊಂಬಿನ ಅಳತೆ ಮಾತ್ರ ಎರಡನೇ ಸಲ ಕೇಳಬೇಡಿ.