ಅರ್ಧ ಹುಳಕ್ಕೆ, ಅರ್ಧ ಹುಳಿಗೆ

“ಮೇಷ್ಟ್ರೇ, ಇದ್ನ ಸ್ವಲ್ಪ ನೋಡಿ” ಅಂತ ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ಬದನೆಕಾಯಿ ಚಾಚಿದರು. ಎಣ್ಣೆ ಸವರಿದಂತೆ ಮಿರಮಿರ ಮಿಂಚುವ ಕಾಯಿ. ಇದ್ದದ್ದು ಒಂದೇ ಸಣ್ಣ ತೂತು. ಈಳಿಗೆಮಣೆಯಲ್ಲಿ ಸೀಳಿದರೆ ಒಳಗೆಲ್ಲ ಕಪ್ಪು ಹಿಕ್ಕೆ, ನಡುವೆ ನಸುಗೆಂಪು ಹುಳ ಹಾಯಾಗಿ ಮಲಗಿದೆ.

“ಎರಡು ಸಲ ಔಷಧಿ ಹೊಡೆಸ್ದೆ ಕಣ್ರೀ.”

ಹೊಡೆಸಿ ಏನು ಬಂತು? ಮೊಟ್ಟೆ ಒಡೆದ ಮರಿ ಕಾಯಿಗೆ ನುಗ್ಗಿ, ಬಂದ ದಾರಿಗೆ ಹಿಕ್ಕೆ ಮೆತ್ತಿಕೊಂಡುಬಿಡುತ್ತೆ. ಔಷಧಿ ಸಿಪ್ಪೆಗೆ, ತಿರುಳು ಅದಕ್ಕೆ. ನಮಗೆ ಕಾಣೋ ತೂತು ಸಾಮಾನ್ಯವಾಗಿ ಹುಳ ತಿಂದುಂಡು ಹೊರಟಿದ್ದು.

“ಬೆಂಡೆಗೆ ಮಾಡಿದ್ರಲ್ಲ, ಹಂಗೆ ಬದನೆಗೂ ಒಂದು ತಳಿ ಮಾಡಬಾರ್ದಾ?”

ಅಜ್ಜಿ ಹೇಳಿದ್ದು ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ಅನಾಮಿಕ. ಬೆಂಡೆಯನ್ನು ಅದರ ಕಾಡುನೆಂಟನ ಜೊತೆ ಕೂಡಿಸಿ ತೆಗೆದ ತಳಿ. ಆದರೆ ಅದು ತಡೆದದ್ದು ಬಿಳಿನೊಣವನ್ನಲ್ಲ, ನೊಣ ಹೊತ್ತು ತರೋ ಹಳದಿ ನಂಜನ್ನು. ನಮ್ಮ ಸೀಮೆಯ ಈರುಳ್ಳಿ ಕಥೆಯೇ ಬೇರೆ: ಮೇಣ ಕಮ್ಮಿ ಇರೋ ಹೊಳಪು ಎಲೆಯ ಗಿಡಕ್ಕೆ ಥ್ರಿಪ್ಸ್ ಅನ್ನೋ ಕೀಟವೇ ಅಷ್ಟಾಗಿ ಹತ್ತಲ್ಲ. ಬದನೆಗೂ ಕಾಡುನೆಂಟರಿದ್ದಾರೆ, ಹುಳಕ್ಕೆ ಜಗ್ಗದವರು. ಸಂಬಂಧ ಬೆಳೆಸೋದೇ ಕಷ್ಟ. ಬೀಜ ಕಟ್ಟಲ್ಲ, ಕಟ್ಟಿದರೂ ಕಾಯಿ ಸಣ್ಣದು, ಕಹಿ.

“ಹುಳ ಮುಟ್ಟದ್ದನ್ನ ನಾನ್ಯಾಕೆ ತಿನ್ಲಿ!”

ಅದಕ್ಕೇ ಹುಳ ಕೊಲ್ಲೋ ಬ್ಯಾಕ್ಟೀರಿಯಾದ ಜೀನ್ ತೂರಿಸೋ ದಾರಿ ಹಿಡಿದರು. ಬಿಟಿ ಬದನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಊರ ತಳಿಗಳಿಗೂ ಅದನ್ನು ಸೇರಿಸಿದ್ದರು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿತು. 2010ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲಿ ಜನರ ಅಹವಾಲು ಕೇಳಿದ ಆಗಿನ ಪರಿಸರ ಸಚಿವ ಜೈರಾಂ ರಮೇಶ್, 9ಕ್ಕೆ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು ಬೆಳೆಯುತ್ತಿದೆ. ತಡೆ ಸರಿಯೋ ತಪ್ಪೋ, ಆಮೇಲೆ ನಮ್ಮವರು ವರ್ಷಗಟ್ಟಲೆ ಸುಮ್ಮನೆ ಕೂತಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

“ಅಲ್ಲೀತಂಕ ನಾನೇನು ಮಾಡ್ಲಿ?”

“ಬಾಡಿದ ಸುಳಿ ಕಂಡ ದಿನವೇ ಚಿವುಟಿ ಸುಟ್ಟುಬಿಡಿ ಅಜ್ಜಿ. ಹುಳ ಮೊದಲು ಇರೋದು ಅಲ್ಲೇ.”

ಅಜ್ಜಿ ಕೆಟ್ಟ ಭಾಗ ಕೊಯ್ದು ತಿಪ್ಪೆಗೆಸೆದು, ಉಳಿದದ್ದನ್ನು ನೀರಿಗೆ ಹಾಕಿದರು. “ಅರ್ಧ ಹುಳಕ್ಕೆ, ಅರ್ಧ ಹುಳಿಗೆ.”

ಮಧ್ಯಾಹ್ನ ನಮ್ಮನೆಗೂ ಒಂದು ಬಟ್ಟಲು ಹುಳಿ ಬಂತು. ತುಂಬಾ ಆಲೂಗಡ್ಡೆಯೇ.