ಅಪ್ಪನಿಗೆ ವಾಯವ್ಯ, ಕಿರಿಮಗಳಿಗೆ ಕೆರೆ

ಚೀನೀಯರ ಫೆಂಗ್‌ಶುಯಿ ಲೆಕ್ಕದಲ್ಲಿ ಮನೆಯ ಯಜಮಾನನ ಜಾಗ ವಾಯವ್ಯ. ಯಜಮಾನಿಯದು ನೈಋತ್ಯ. ಹಿರಿಮಗನಿಗೆ ಪೂರ್ವ, ಹಿರಿಮಗಳಿಗೆ ಆಗ್ನೇಯ, ಎರಡನೆಯವನಿಗೆ ಉತ್ತರ, ಎರಡನೆಯವಳಿಗೆ ದಕ್ಷಿಣ, ಕಿರಿಮಗನಿಗೆ ಈಶಾನ್ಯ. ಪಶ್ಚಿಮದಲ್ಲಿ ಕೆರೆ ನೋಡುತ್ತ ಕೂರುವ ಭಾಗ್ಯ ಕಿರಿಮಗಳದು. ಎಂಟು ಜನಕ್ಕೆ ಎಂಟು ದಿಕ್ಕೂ ಹಂಚಿಹೋಯಿತು. ನೆಂಟರು ಬಂದರೆ ನಡುಮನೆಯಲ್ಲಿ ಚಾಪೆ ಹಾಸಬೇಕು ಅಷ್ಟೆ. ಅರ್ಧ ಗುಂಟೆ ಹಿತ್ತಲಿಗಾಗಿ ಅಣ್ಣತಮ್ಮಂದಿರು ಎರಡು ತಲೆಮಾರು ಕೋರ್ಟಿಗೆ ಅಲೆಯುವುದನ್ನು ಕಂಡಿರುವ ನಮಗೆ, ಹೆಣ್ಣುಮಕ್ಕಳನ್ನೂ ಸೇರಿಸಿ ಒಂದೇ ಬಾರಿಗೆ ಪಾಲು ಮುಗಿಸಿದ ಈ ಏರ್ಪಾಟು ಕಂಡರೆ ಗೌರವ ಮೂಡುತ್ತದೆ.

ಈ ಕುಟುಂಬದ ಹೆಸರು ಬಾಗುವಾ. ಕುಟುಂಬದವರ ಮೈಕಟ್ಟು ಬಲು ಸರಳ: ಒಂದರ ಮೇಲೊಂದು ಮೂರು ಗೆರೆ, ಅಷ್ಟೇ. ಗೆರೆ ಇಡಿಯಾಗಿದ್ದರೆ ಯಾಂಗ್, ನಡುವೆ ತುಂಡಾಗಿದ್ದರೆ ಯಿನ್. ಮೂರು ಗೆರೆ, ಒಂದೊಂದಕ್ಕೂ ಎರಡು ಸಾಧ್ಯತೆ. ಒಟ್ಟು ಎಂಟು ಆಕೃತಿ. ಅವನ್ನು ಎರಡೆರಡಾಗಿ ಪೇರಿಸಿದರೆ ಅರವತ್ತನಾಲ್ಕು, ಅಲ್ಲಿಗೆ ‘ಯೀ ಜಿಂಗ್’ ಗ್ರಂಥ ತಯಾರು. ಬೀಜಿಂಗಿನಲ್ಲಿದ್ದ ಬೂವೆ ಎಂಬ ಜೆಸ್ಯೂಟ್ ಪಾದ್ರಿ ಈ ಅರವತ್ತನಾಲ್ಕರ ಚಿತ್ರವನ್ನು ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್‌ಗೆ ಕಳಿಸಿದ. ಸೊನ್ನೆ ಮತ್ತು ಒಂದು, ಇವೆರಡರಲ್ಲೇ ಎಲ್ಲ ಲೆಕ್ಕ ಬರೆಯುವ ಪದ್ಧತಿಯನ್ನು ಅದಾಗಲೇ ಹೊಸೆದಿದ್ದ ಲೈಬ್‌ನಿಟ್ಸ್, 1703ರಲ್ಲಿ ಅದು ಕೈಗೆ ಬಂದಾಗ ಹಿಗ್ಗಿಹೋದ. ತನ್ನ ಪ್ರಬಂಧದಲ್ಲಿ ಆ ಗೆರೆಗಳಿಗೂ ಜಾಗ ಕೊಟ್ಟ. ಕಂಪ್ಯೂಟರ್ ಓಡುವುದೂ ಸೊನ್ನೆ-ಒಂದರಲ್ಲೇ; ಇದನ್ನೇ ಹಿಡಿದುಕೊಂಡು ‘ಕಂಪ್ಯೂಟರ್ ಕಂಡುಹಿಡಿದದ್ದು ಚೀನೀಯರು’ ಎನ್ನುವವರಿದ್ದಾರೆ. ಪುಷ್ಪಕ ವಿಮಾನದ ನಾಡಿನವರಾದ ನಾವು ಅವರನ್ನು ನೋಡಿ ನಗುವಂತಿಲ್ಲ.

ಮೂರೂ ಇಡಿ ಗೆರೆಯಾದರೆ ಚಿಯೆನ್: ಆಕಾಶ, ಅಪ್ಪ. ಮೂರೂ ತುಂಡಾದರೆ ಕುನ್: ಭೂಮಿ, ಅಮ್ಮ. ಇಷ್ಟರ ತನಕ ಯಾರಾದರೂ ಊಹಿಸಬಹುದು. ಮಕ್ಕಳ ವಿಷಯಕ್ಕೆ ಬಂದಾಗ ಚೀನೀಯರ ತಲೆ ಸೊಗಸಾಗಿ ಓಡಿದೆ. ಎರಡು ಯಿನ್ ಜೊತೆ ಒಂದೇ ಒಂದು ಯಾಂಗ್ ಇದ್ದರೆ ಅದು ಹೆಣ್ಣಲ್ಲ, ಗಂಡು. ಎರಡು ಯಾಂಗ್ ಜೊತೆ ಒಂದು ಯಿನ್ ಇದ್ದರೆ ಅದು ಹೆಣ್ಣು. ಅಲ್ಲಿ ಬಹುಮತಕ್ಕೆ ಬೆಲೆಯಿಲ್ಲ, ಒಂಟಿಯಾಗಿರುವವರದೇ ದರ್ಬಾರು. ಮೂವರಿರುವ ಯಾವ ಮನೆಗೆ ಹೋಗಿ ನೋಡಿದರೂ ಇದು ಸತ್ಯವೆಂದು ಗೊತ್ತಾಗುತ್ತದೆ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಕ್ರಮವಾದ್ದರಿಂದ ಆ ಒಂಟಿ ಗೆರೆ ತಳದಲ್ಲಿದ್ದರೆ ಹಿರಿಯ ಸಂತಾನ, ನಡುವಿದ್ದರೆ ಎರಡನೆಯದು, ತಲೆಯ ಮೇಲಿದ್ದರೆ ಮುದ್ದಿನ ಕೂಸು.

ಇನ್ನು ಅವರ ಗುಣ. ಎರಡು ಯಿನ್ ಗೆರೆಗಳ ಅಡಿಯಲ್ಲಿ ಸಿಕ್ಕಿಬಿದ್ದ ಯಾಂಗ್ ಮೇಲಕ್ಕೆ ನುಗ್ಗಲು ಹೊರಟರೆ ಏನಾಗುತ್ತದೆ? ಗುಡುಗುತ್ತದೆ. ಅವನೇ ಹಿರಿಮಗ ಜೆನ್. ಅದೇ ಯಾಂಗ್ ಮೇಲೇರಿ ತುದಿ ಮುಟ್ಟಿದರೆ ಮುಂದೆ ಹೋಗಲು ದಾರಿಯಿಲ್ಲ, ನಿಂತುಬಿಡಬೇಕು: ಅದು ಬೆಟ್ಟ, ಕಿರಿಮಗ ಗೆನ್. ಹೊರಗೆ ಮೆದು, ಒಳಗೆ ಗಟ್ಟಿಯಾದರೆ ನೀರು. ಹೊಳೆಗೆ ಇಳಿದವರಿಗೆ ಬೇರೆ ವಿವರಣೆ ಬೇಡ. ಸುತ್ತ ಉರಿ, ನಡುವೆ ಟೊಳ್ಳಾದರೆ ಬೆಂಕಿ. ಗಾಳಿ ಹಿರಿಮಗಳಾದದ್ದೂ ಕೆರೆ ಕಿರಿಮಗಳಾದದ್ದೂ ಇದೇ ಧಾಟಿಯಲ್ಲಿ. ಮೂರು ಗೆರೆಯಲ್ಲಿ ಇಷ್ಟು ಸ್ವಭಾವಚಿತ್ರ ಬರೆಯುವುದು ಸಣ್ಣ ಸಾಧನೆಯಲ್ಲ. ಮುನ್ನೂರು ಪುಟದ ಕಾದಂಬರಿಯಲ್ಲಿ ಒಂದು ಪಾತ್ರವೂ ನೆನಪಿನಲ್ಲಿ ಉಳಿಯದಂತೆ ಬರೆಯುವವರು ನಮ್ಮಲ್ಲಿದ್ದಾರೆ. ದಕ್ಷಿಣ ಕೊರಿಯಾದ ಬಾವುಟದಲ್ಲಿ ಈ ಎಂಟರಲ್ಲಿ ನಾಲ್ಕು ಮಾತ್ರ ಇವೆ: ಅಪ್ಪ, ಅಮ್ಮ, ಎರಡನೆಯ ಮಗ, ಎರಡನೆಯ ಮಗಳು. ಹಿರಿಮಗನೆಂದರೆ ಪ್ರಾಣ ಬಿಡುವ ಕೊರಿಯನ್ನರು ಬಾವುಟಕ್ಕೆ ಮಾತ್ರ ನಡುವಿನ ಮಕ್ಕಳನ್ನೇ ಏರಿಸಿದ್ದಾರೆ.

ಈ ಎಂಟು ಜನರ ಜೋಡಣೆ ಒಂದಲ್ಲ, ಎರಡು. ಮೊದಲನೆಯದು ಪುರಾಣಪುರುಷ ಫೂಶಿಯದು. ಅಲ್ಲಿ ಆಕಾಶಕ್ಕೆ ಎದುರು ಭೂಮಿ, ಬೆಂಕಿಗೆ ಎದುರು ನೀರು, ಗುಡುಗಿಗೆ ಎದುರು ಗಾಳಿ, ಬೆಟ್ಟಕ್ಕೆ ಎದುರು ಕೆರೆ. ಎಲ್ಲರೂ ತಮ್ಮ ತಮ್ಮ ಎದುರಾಳಿಯ ಮುಖ ನೋಡುತ್ತ ಕೂತಿರುವ, ಜಗಳವೂ ಇಲ್ಲದ ಚಲನೆಯೂ ಇಲ್ಲದ ಜಗತ್ತು ಅದು. ಎರಡನೆಯ ಜೋಡಣೆ ದೊರೆ ವೆನ್‌ನದು. ಶಾಂಗ್ ವಂಶದ ಕೊನೆಯ ಅರಸ ಅವನನ್ನು ಯೂಲಿಯ ಸೆರೆಮನೆಗೆ ತಳ್ಳಿದ್ದಾಗ ಕೂತು ಮಾಡಿದ್ದು ಎಂದು ಐತಿಹ್ಯ. ಸೆರೆಯಲ್ಲಿದ್ದವನಿಗೆ ಋತುಗಳು ಸರಿಯುವುದೊಂದೇ ಮನರಂಜನೆಯಾಗಿತ್ತೋ ಏನೋ, ಅವನ ಚಕ್ರ ಋತುಚಕ್ರ. ಪೂರ್ವದಲ್ಲಿ ವಸಂತದ ಗುಡುಗಿನಿಂದ ಹೊರಟು, ದಕ್ಷಿಣದ ಬೇಸಿಗೆಯ ಬೆಂಕಿ, ಪಶ್ಚಿಮದ ಶರತ್ಕಾಲದ ಕೆರೆಗಳನ್ನು ದಾಟಿ ಉತ್ತರದ ಚಳಿಗಾಲದ ನೀರಿಗೆ ಬರುತ್ತದೆ. ಜನ ವಾಸಿಸುವ ಮನೆಗೆ ಹಚ್ಚುವುದು ಈ ಎರಡನೆಯದನ್ನು.

ಇದೆಲ್ಲ ಹುಟ್ಟಿದ್ದು ಹಳದಿ ನದಿಯ ಬಯಲಿನಲ್ಲಿ ಎಂಬುದನ್ನು ಮರೆಯಬಾರದು. ಅಲ್ಲಿ ಚಳಿಗಾಲದ ಗಾಳಿ ಮಂಗೋಲಿಯಾ ಕಡೆಯಿಂದ ಧೂಳು ಹೊತ್ತು ಉತ್ತರದಿಂದ ನುಗ್ಗುತ್ತದೆ, ಬಿಸಿಲು ದಕ್ಷಿಣದಿಂದ. ಹಾಗಾಗಿ ಬೆನ್ನಿಗೆ ಬೆಟ್ಟ, ಮುಖಕ್ಕೆ ದಕ್ಷಿಣ. ಚಕ್ರವರ್ತಿ ಕೂರುವುದೂ ದಕ್ಷಿಣಕ್ಕೆ ಮುಖಮಾಡಿಯೇ; ಕೆಲವು ಹಳೆಯ ಚೀನೀ ನಕಾಶೆಗಳ ನೆತ್ತಿಯಲ್ಲಿರುವುದೂ ದಕ್ಷಿಣವೇ. ಬೀಜಿಂಗಿನ ಅರಮನೆ ಕಟ್ಟುವಾಗ ಬೆನ್ನಿಗೆ ಬೆಟ್ಟವಿರಲಿಲ್ಲ. ಮಿಂಗ್ ದೊರೆಗಳು ಕಂದಕ ತೋಡಿದ ಮಣ್ಣನ್ನು ಉತ್ತರಕ್ಕೆ ರಾಶಿ ಹಾಕಿಸಿ ಬೆಟ್ಟವನ್ನೇ ಮಾಡಿಸಿದರು. ಜಿಂಗ್‌ಶಾನ್ ಎಂಬ ಆ ಗುಡ್ಡದ ಮೇಲೆ ನಿಂತು ಇವತ್ತು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಹೀಗೆ ನೋಡಿದರೆ ಬಾಗುವಾ ಅರ್ಧ ಹವಾಮಾನ ವರದಿ, ಇನ್ನರ್ಧ ವಂಶವೃಕ್ಷ.

ಆ ವರದಿಯನ್ನು ತಂದು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅಂಟಿಸಿದಾಗ ತಮಾಷೆ ಶುರುವಾಗುತ್ತದೆ. ನಮ್ಮ ಎಂಟು ದಿಕ್ಕು ಖಾಲಿ ಬಿದ್ದಿರಲಿಲ್ಲವಲ್ಲ. ಚಾಲುಕ್ಯ, ಹೊಯ್ಸಳ ಗುಡಿಗಳ ಛಾವಣಿಯಲ್ಲಿ ಅಷ್ಟದಿಕ್ಪಾಲಕರು ವಾಹನಸಮೇತರಾಗಿ ಎಂದೋ ಬಂದು ಕೂತಿದ್ದಾರೆ. ಪಶ್ಚಿಮದಲ್ಲಿ ಗೋಳಿಲ್ಲ: ನಮಗೆ ವರುಣ, ಅವರಿಗೆ ಕೆರೆ. ಆಗ್ನೇಯ ಮಾತ್ರ ಫಜೀತಿ. ಹೆಸರಿನಲ್ಲೇ ಅಗ್ನಿಯಿರುವ ಆ ಮೂಲೆಯಲ್ಲಿ ನಾವು ಒಲೆ ಹೂಡುತ್ತೇವೆ; ಫೆಂಗ್‌ಶುಯಿ ಪುಸ್ತಕ ಅದನ್ನೇ ಸಂಪತ್ತಿನ ಮೂಲೆ ಎನ್ನುತ್ತದೆ. ಪರಿಣಾಮವಾಗಿ ಒಗ್ಗರಣೆಯ ಹೊಗೆ ಕುಡಿಯುತ್ತ ಕುಕ್ಕರಿನ ಪಕ್ಕದಲ್ಲಿ ಒಂದು ಮನಿಪ್ಲಾಂಟು ಬಾಡುತ್ತಿರುತ್ತದೆ. ಈಶಾನ್ಯದಲ್ಲಿ ಪರಿಸ್ಥಿತಿ ಇನ್ನೂ ಗಂಭೀರ. ವಾಸ್ತು ಪ್ರಕಾರ ಅದು ತಗ್ಗಾಗಿ, ಹಗುರವಾಗಿ, ನೀರಿನ ಸಂಪಿಗೆ ಹೇಳಿಮಾಡಿಸಿದಂತಿರಬೇಕು. ಬಾಗುವಾ ಪ್ರಕಾರ ಅಲ್ಲಿರುವುದು ಬೆಟ್ಟ. ಎರಡೂ ಶಾಸ್ತ್ರಕ್ಕೆ ದಕ್ಷಿಣೆ ಕೊಟ್ಟ ಗೃಹಸ್ಥ ಒಂದೇ ಮೂಲೆಯಲ್ಲಿ ಗುಂಡಿಯನ್ನೂ ಗುಡ್ಡವನ್ನೂ ಮಾಡಬೇಕು.

ಮಲಗುವ ಕೋಣೆಯಲ್ಲೂ ನೆಮ್ಮದಿಯಿಲ್ಲ. ‘ಎಂಟು ಮನೆ’ ಎಂಬ ಪದ್ಧತಿಯಲ್ಲಿ ಹುಟ್ಟಿದ ವರ್ಷದಿಂದ ಪ್ರತಿಯೊಬ್ಬರಿಗೂ ಒಂದು ಅಂಕಿ, ಆ ಅಂಕಿಯಿಂದ ಈ ಎಂಟರಲ್ಲಿ ಒಂದು ಆಕೃತಿ ಸಿಗುತ್ತದೆ; ಆಕೃತಿಗಳಲ್ಲಿ ನಾಲ್ಕು ಪೂರ್ವ ಗುಂಪಿನವು, ನಾಲ್ಕು ಪಶ್ಚಿಮದವು. 1964ರಲ್ಲಿ ಹುಟ್ಟಿದ ಗಂಡಸು ಎನ್ನಿ: ಆರು, ನಾಲ್ಕು ಕೂಡಿದರೆ ಹತ್ತು, ಅದನ್ನೂ ಕೂಡಿದರೆ ಒಂದು, ಹತ್ತರಲ್ಲಿ ಒಂದು ಕಳೆದರೆ ಒಂಬತ್ತು. ಅವನು ಬೆಂಕಿ, ಪೂರ್ವ ಗುಂಪಿನವನು. ಹೆಂಡತಿ 1969ರವಳು: ಒಂಬತ್ತು, ಆರು ಹದಿನೈದು, ಕೂಡಿದರೆ ಆರು, ಹೆಂಗಸಾದ್ದರಿಂದ ಐದು ಸೇರಿಸಬೇಕು, ಹನ್ನೊಂದು, ಅಂದರೆ ಎರಡು. ಅವಳು ಭೂಮಿ, ಪಶ್ಚಿಮ ಗುಂಪಿನವಳು. ಅವನಿಗೆ ಒಳ್ಳೆಯ ನಾಲ್ಕು ದಿಕ್ಕೂ ಅವಳಿಗೆ ಕೆಟ್ಟವು, ಅವಳವು ಅವನಿಗೆ. ಮಂಚ ಒಂದೇ. ಇಬ್ಬರೂ ಉತ್ತರಕ್ಕೆ ತಲೆ ಹಾಕಬಾರದೆಂದು ಅಜ್ಜಿ ಹೇಳಿದ್ದು ಬೇರೆ ಇದೆ. ಮಕ್ಕಳ ಜಾತಕ ಕೂಡಿಬಂತೆಂದು ನಿಟ್ಟುಸಿರುಬಿಟ್ಟ ಬೀಗರ ಬಳಿ ಈ ಲೆಕ್ಕ ಎತ್ತದಿರುವುದು ಕ್ಷೇಮ.

ಅಮೆರಿಕದಲ್ಲಿ ದಿಕ್ಕಿನ ರಗಳೆಯನ್ನೇ ತೆಗೆದುಹಾಕಿದರು. ಬೀಜಿಂಗಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗುಡಿ ಕಟ್ಟಿದ ಗುರು ಲಿನ್ ಯುನ್ ದಿಕ್ಸೂಚಿಯನ್ನು ಪಕ್ಕಕ್ಕಿಟ್ಟು, ಮುಂಬಾಗಿಲ ಗೋಡೆಯಿಂದಲೇ ಬಾಗುವಾ ಎಣಿಸಲು ಕಲಿಸಿದ. ಒಳಗೆ ಹೋದಾಗ ಎಡಗಡೆಯ ತುದಿ ಹಣದ್ದು, ಬಲಗಡೆಯ ತುದಿ ದಾಂಪತ್ಯದ್ದು. ಬಾಗಿಲು ಎತ್ತ ಇದ್ದರೂ ಸರಿ. ಗುಡುಗು, ಬೆಟ್ಟ, ಅಪ್ಪ, ಅಮ್ಮ ಎಲ್ಲರೂ ಹಿಂದೆ ಸರಿದು ಕೀರ್ತಿ, ಉದ್ಯೋಗ, ಮದುವೆ, ದುಡ್ಡು ಎಂಬ ಹೊಸ ಬಾಡಿಗೆದಾರರು ಬಂದರು. ನಮ್ಮ ಅಂಗಡಿಗಳಲ್ಲಿ ನಗುವ ಬುದ್ಧನ ಪಕ್ಕ ನೇತಾಡುವ ಎಂಟು ಬಣ್ಣದ ಚಾರ್ಟುಗಳಲ್ಲಿ ಇರುವವರು ಇವರೇ. ನನಗೇನೋ ಹಳೆಯ ಸಂಸಾರವೇ ಇಷ್ಟ. ಹಣದ ಮೂಲೆ ಎಂದಾಗ ಏಳುವ ಆಸೆಗಿಂತ, ಹಿರಿಮಗಳು ಗಾಳಿಯಂತೆ ಎಲ್ಲ ಸಂದಿಯಲ್ಲೂ ನುಸುಳುತ್ತಾಳೆ ಎಂದವನ ಕಣ್ಣು ದೊಡ್ಡದು.

ಹಾಂಗ್‌ಕಾಂಗಿನಲ್ಲಿ ಇದು ಮೂಲೆಯ ಗಿಡಕ್ಕೆ ಮುಗಿಯುವ ಮಾತಲ್ಲ. ಐ. ಎಂ. ಪೇ ವಿನ್ಯಾಸದ ಬ್ಯಾಂಕ್ ಆಫ್ ಚೈನಾ ಗೋಪುರ 1990ರಲ್ಲಿ ಪೂರ್ಣವಾದಾಗ ಅದರ ಚೂಪು ಅಂಚುಗಳು ಕತ್ತಿಯಂತೆ ಸುತ್ತಲವರನ್ನು ಇರಿಯುತ್ತವೆಂದು ಗುಲ್ಲೆದ್ದಿತು. ಸಮೀಪದ ಎಚ್‌ಎಸ್‌ಬಿಸಿ ಕಟ್ಟಡದ ನೆತ್ತಿಯ ಕ್ರೇನುಗಳು ಆ ಕತ್ತಿಗೆ ಗುರಿಯಿಟ್ಟ ಫಿರಂಗಿಗಳು ಎಂದು ಜನ ಇವತ್ತಿಗೂ ತೋರಿಸುತ್ತಾರೆ. ಅವು ಗೋಡೆ-ಕಿಟಕಿಗಳ ನಿರ್ವಹಣೆಗೆಂದು ಇಟ್ಟವು ಎಂದರೆ ಕೇಳುವವರಾರು! ಕ್ರೇನು ಕೊಳ್ಳಲಾಗದ ಸಾಮಾನ್ಯರ ಆಯುಧ ಬಾಗುವಾ ಕನ್ನಡಿ. ನಡುವೆ ದುಂಡುಗನ್ನಡಿ, ಸುತ್ತ ಫೂಶಿಯ ಜೋಡಣೆಯ ಎಂಟು ಆಕೃತಿಗಳು. ಉಬ್ಬಿದ್ದಾದರೆ ಕೇಡನ್ನು ಚೆದುರಿಸುತ್ತದೆ, ತಗ್ಗಿದ್ದಾದರೆ ಹೀರಿಕೊಳ್ಳುತ್ತದೆ. ಎದುರುಮನೆಯಿಂದ ಬಂದ ಕೇಡು ಎದುರುಮನೆಗೇ ವಾಪಸಾಗುವುದರಿಂದ ಆ ಮನೆಯವರೂ ಒಂದು ಕನ್ನಡಿ ತರುತ್ತಾರೆ, ಕೊಂಚ ದೊಡ್ಡದು.

ಅಂಥದೊಂದನ್ನು ನೀವು ಶೋಕಿಗೆಂದು ಹಾಲಿನ ಗೋಡೆಗೆ ತೂಗುಹಾಕಿದ್ದರೆ ದಯವಿಟ್ಟು ಇಳಿಸಿಬಿಡಿ. ಶಾಸ್ತ್ರದ ಪ್ರಕಾರ ಅದರ ಜಾಗ ಮುಂಬಾಗಿಲ ಹೊರಗೆ, ನೆತ್ತಿಯ ಮೇಲೆ, ಮೂರು ಇಡಿ ಗೆರೆ ಮೇಲ್ಗಡೆ ಬರುವಂತೆ. ಮೊಳೆ ಹೊಡೆಯುವ ಮೊದಲು ಎದುರಿಗೆ ಯಾರ ಅಡುಗೆಮನೆ ಕಿಟಕಿ ಇದೆ ಎಂದು ನೋಡಿಕೊಳ್ಳಿ. ನಾಳೆ ಹಾಲಿಗೆ ಹೆಪ್ಪು ಕೇಳಲು ಹೋಗಬೇಕಾದದ್ದು ಅವರ ಮನೆಗೇ.